ಬೆಲೆಪಟ್ಟಿಯ ಬೆನ್ನಿಗೆ

ಸೆಗೆಡ್ ಊರಿನ ಬೆಲೆ ನಿಗದಿ ಕಚೇರಿಯಲ್ಲಿ
ನಾನು ಬೆರಳಚ್ಚುಗಾರ್ತಿ, ವೆರೆಬೆಶ್ ಇಲೋನಾ ಅರ್ಥಶಾಸ್ತ್ರಜ್ಞೆ.
ಹಗಲೆಲ್ಲ ಅವಳು ಹೇಳುವಳು, ನಾನು ಕುಟ್ಟುವೆನು:
ಅಂಗಿಗುಂಡಿ, ಡಜನ್ನಿಗೆ ಇಷ್ಟು. ಬಾತಿನ ಕೊಬ್ಬು, ಕಿಲೋಗೆ ಇಷ್ಟು.
ಕೆಂಪುಮೆಣಸಿನ ಪುಡಿ ಅನ್ನುವಾಗ ಒಮ್ಮೆ ಸೀನುವಳು.
ಪುಡಿ ಎಲ್ಲೋ ಗೋದಾಮಿನಲ್ಲಿ, ಸೀನು ಇಲ್ಲಿ.

ಐದಕ್ಕೆ ಎಲ್ಲರೂ ಕೋಟು ತೊಟ್ಟು ಹೋದಮೇಲೆ
ರದ್ದಾದ ಪಟ್ಟಿಗಳನ್ನು ಮಗುಚಿ ಹಾಕಿ
ಬೆನ್ನಿಗೆ ಕಾದಂಬರಿ.
ಪಟ್ಟಿಯಲ್ಲಿ ಮನುಷ್ಯರು ಲೆಕ್ಕಕ್ಕುಂಟು, ಆಟಕ್ಕಿಲ್ಲ;
ತಿರುಗಿಸಿದರೆ ಆಟವೆಲ್ಲ ಅವರದೇ.

ನನ್ನ ಯಂತ್ರದಲ್ಲೇ. ಬೆಳಗ್ಗೆ ರಿಬ್ಬನ್ನು ಸವೆದಿರುತ್ತಿತ್ತು.
ಕಾರ್ಬನ್ ಹಾಳೆಯನ್ನು ಕಿಟಕಿಗೆ ಹಿಡಿದರೆ
ವಿಧವೆಯೊಬ್ಬಳು ಟಿಸಾ ನದಿ ದಾಟುತ್ತಿದ್ದಳು
ಸೀಮೆಎಣ್ಣೆಯ ಅಂಕಿಗಳ ಮೇಲೆ ಕಾಲಿಡುತ್ತ.
ಯಾರಿಗೂ ಹೇಳಲಿಲ್ಲ ನಾನು. ತಿಂಗಳ ಬೇಡಿಕೆಯಲ್ಲಿ
ರಿಬ್ಬನ್ನು ಎರಡು ಅನ್ನುವಲ್ಲಿ ಮೂರು ಅಂತ ಬರೆದೆ, ಅಷ್ಟೆ.

ಮೂರು ಪುಸ್ತಕ ಬಂದವು. ಅವುಗಳ ಬೆಲೆಯೂ ಅವಳ ಮೇಜಿಗೇ ಬಂತು:
ಹದಿನಾಲ್ಕು ಫೋರಿಂಟ್. ಜಾಸ್ತಿಯಾಯಿತು ಎಂದು
ಎರಡು ಇಳಿಸಿದಳು.
ಆದರೂ ಬಂದದ್ದು ಒಂದೇ ಪತ್ರ, ಮಾಕೋದ ಬಡಗಿಯದು:

"ಅಮ್ಮಾ, ಕತೆ ಚೆನ್ನಾಗಿದೆ. ಏಳನೇ ಅಧ್ಯಾಯದಲ್ಲಿ ಲೆಕ್ಕ ತಪ್ಪಿದೆ.
ಮಗುವಿನ ಶವಪೆಟ್ಟಿಗೆಗೆ ನಲವತ್ತು ಅಂದಿದ್ದೀರಿ.
ನಮ್ಮ ಕಡೆ ಅದಕ್ಕೆ ಯಾರೂ ದುಡ್ಡು ಮುಟ್ಟುವುದಿಲ್ಲ."

ಓದಿದಳು. ಕನ್ನಡಕ ಒರೆಸಿ ಮತ್ತೆ ಓದಿದಳು.
"ಮರ ಕೂಡಿಸಿದ್ದೆ," ಅಂದಳು, "ಮೊಳೆ, ಕೂಲಿ, ಬಣ್ಣ.
ಸಾಗಣೆಯನ್ನೂ ಬಿಟ್ಟಿರಲಿಲ್ಲ."

ಕಾದಂಬರಿ ಅಚ್ಚಾಗಿತ್ತು, ತಿದ್ದುವಂತಿರಲಿಲ್ಲ.
ಉಳಿದದ್ದು ಪಟ್ಟಿ.
ಆ ವರ್ಷ ಸಾಲು ನಾನೂರ ಹನ್ನೆರಡು:
ಪೆಟ್ಟಿಗೆ, ಪೈನ್ ಮರ, ಉದ್ದ ಒಂದು ಮೀಟರಿಗಿಂತ ಕಡಿಮೆ.
"ಬಿಡು" ಅಂದಳು, ಕಡ್ಡಿ ಮುರಿದ ಹಾಗೆ.
ಬಿಟ್ಟೆ.
ಬುಡಾಪೆಸ್ಟಿನಿಂದ ವಾಪಸು ಬಂತು: ಅಂಕಿ ನಮೂದಿಸಿ.
ಬಿಟ್ಟೆವು.
ಮತ್ತೆ ವಾಪಸು, ಈ ಸಲ ಕೆಂಪು ಪೆನ್ಸಿಲಿನ ಸುತ್ತು.
ಮೂರನೆಯ ಸಲ ಪಟ್ಟಿ ಬರಲಿಲ್ಲ, ವರ್ಗಾವಣೆ ಬಂತು.
ಮಾಕೋದ ಈರುಳ್ಳಿ ಉಗ್ರಾಣ, ತೂಕದ ಲೆಕ್ಕ.

ಭಾನುವಾರ ಬಸ್ಸು ಹತ್ತಿ ಹೋಗಿದ್ದೆ, ರಿಬ್ಬನ್ನು ಚೀಲದಲ್ಲಿಟ್ಟುಕೊಂಡು.
ಯಂತ್ರವಿರಲಿಲ್ಲ ಅವಳ ಬಳಿ; ಈರುಳ್ಳಿಯ ರಸೀತಿಗಳ ಹಿಂದೆ
ಪೆನ್ಸಿಲಿನಲ್ಲಿ ನಾಲ್ಕನೆಯದು.
ಹೊಸ ಮೇಜು, ಅಲುಗದ ಕಾಲು, ಇನ್ನೂ ಮರದ ವಾಸನೆ.
ಆ ಬಡಗಿಯೇ ಮಾಡಿದ್ದಂತೆ.
"ಎಷ್ಟು ತೆಗೆದುಕೊಂಡ?"
"ಸರ್ಕಾರಿ ದರ," ಎಂದು ನಕ್ಕಳು ಇಲೋನಾ,
"ನಾನೇ ನಿಗದಿ ಮಾಡಿದ್ದು. ಒಂದು ಕಾಸೂ ಬಿಡಲಿಲ್ಲ."