ನಾಲ್ಕನೆಯ ಓಟ

ವಿರಾಜಪೇಟೆಯ ಮಲಬಾರ್ ರಸ್ತೆ, ಮೆಣಸಿನ ಮಂಡಿಯ ಮಹಡಿ,
ನಮ್ಮ ಎರಡು ಕೋಣೆಯ ಪ್ರಯೋಗಶಾಲೆ.
ಕೆಳಗೆ ಮೂಟೆ ತೂಗುವ ಸದ್ದು,
ಮೇಲೆ ಪಂಪಿನ ಟಿಕ್ ಟಿಕ್, ನಿಮಿಷಕ್ಕೊಂದು ಮಿಲಿ,
ಗೇಣುದ್ದದ ಉಕ್ಕಿನ ಕೊಳವೆಯೊಳಗೆ.
ಕೊಳವೆಯಲ್ಲಿ ಕಣ್ಣಿಗೆ ಕಾಣದ ಮರಳು,
ಮರಳಿಗೆ ಜಿಡ್ಡಿನ ತೊಗಲು.
ಯಾರೇ ಬರಲಿ ಅದು ಕೇಳುವುದು ಒಂದೇ:
ನನ್ನ ಹತ್ತಿರ ಎಷ್ಟು ಹೊತ್ತು ಇರುತ್ತೀ?

ಬೊಳ್ಳಕ್ಕ ಯವಕಪಾಡಿಯಿಂದ
ಹಾರ್ಲಿಕ್ಸ್ ಬಾಟಲಿಯಲ್ಲಿ ಕಾಚಂಪುಳಿ ತಂದಳು.
ಟಾರಿನ ಕಪ್ಪು. ಬಾಟಲಿ ಓರೆ ಮಾಡಿದರೆ
ಬರಲೋ ಬೇಡವೋ ಎಂದು ಯೋಚಿಸುವಂಥದ್ದು.
"ವಿನೆಗರ್ ಬೆರೆಸಿದ್ದೀರಿ ಅಂತ ಮೈಸೂರಿನ ಅಂಗಡಿಯವ ವಾಪಸು ಕಳಿಸಿದ.
ನನಗೆ ಕಾಗದ ಬೇಕು. ಎಷ್ಟು?"
ಹೇಳಿದೆ.
"ಅಷ್ಟಕ್ಕೆ ಒಂದು ಹಂದಿಮರಿ ಬರ್ತದೆ," ಅಂದಳು.
ಅರ್ಧ ಕೊಟ್ಟಳು.

ಅದರಲ್ಲಿ ಎರಡು ಹುಳಿ.
ಒಂದು ಹಣ್ಣಿನಲ್ಲೇ ಹುಟ್ಟಿದ ಆಮ್ಲ.
ಇನ್ನೊಂದು ಅದೇ ಆಮ್ಲ, ಒಲೆಯ ಮೇಲೆ ದಿನವಿಡೀ ಕುದಿದು
ತನ್ನ ಬಾಲ ತಾನೇ ಕಚ್ಚಿಕೊಂಡ ಹಾವು, ಲ್ಯಾಕ್ಟೋನ್.
ಕೊಳವೆಯಿಂದ ಜೊತೆಗೇ ಹೊರಡುತ್ತವೆ,
ಪರದೆಯ ಮೇಲೆ ಎರಡು ನೆತ್ತಿಯ ಒಂದೇ ಗುಡ್ಡ.

ಮೊದಲಾದರೆ ಮೆಥನಾಲ್ ಒಂದು ಪಾಲು ಹೆಚ್ಚು, ಒಂದು ಪಾಲು ಕಡಿಮೆ,
ಬಿಸಿ ಒಂದಿಷ್ಟು ಏರಿಸಿ, ಇಳಿಸಿ,
ಸಾರಿಗೆ ಉಪ್ಪು ನೋಡಿದ ಹಾಗೆ
ತಿಂಗಳುಗಟ್ಟಲೆ, ಕ್ಯಾನುಗಟ್ಟಲೆ.
ಈಗ ಕಂಪ್ಯೂಟರು ಹೇಳುತ್ತದೆ: ನಾಲ್ಕೇ ಓಟ ಸಾಕು.
ಬೇಗ, ನಿಧಾನ; ತಂಪು, ಬಿಸಿ; ಎರಡೆರಡ್ಲ ನಾಲ್ಕು.
ಉಳಿದ ಸಾವಿರ ನಾನು ಓಡುತ್ತೇನೆ
ಕೂತಲ್ಲೇ, ಒಂದು ಹನಿ ಚೆಲ್ಲದೆ.

ಓಡಿಸಿದವನು ಹಂಸ, ಅಮ್ಮತ್ತಿಯ ಮಾಪಿಳ್ಳೆ ಹುಡುಗ.
ಅಜ್ಜ ಇಟ್ಟದ್ದು ಹಮ್ಝ, ಶಾಲೆಯಲ್ಲಿ ಬರೆದದ್ದು ಹಂಸ.
ಹಾಲು ನೀರು ಬೇರೆ ಮಾಡುವ ಹಕ್ಕಿ ಎಂದು ನಕ್ಕರೆ
"ಮೊದಲು ಈ ಹುಳಿ ಆಗಲಿ ಮೇಡಂ," ಅನ್ನುತ್ತಾನೆ.
ಮೂರು ಓಟ ಸಂಜೆಗೆ ಮುಗಿದವು.
ಕರೆಂಟು ಹೋಯಿತು.
ನಾಲ್ಕನೆಯದು ಮರುದಿನ ಬೆಳಿಗ್ಗೆ.

ಆಮೇಲೆ ನಕಾಶೆ.
ಅಡ್ಡಕ್ಕೆ ಸಮಯ, ಉದ್ದಕ್ಕೆ ಬಿಸಿ,
ನೀಲಿ ಎಂದರೆ ಬೆರಕೆ, ಕೆಂಪು ಎಂದರೆ ಬೇರೆ.
ಮೂವತ್ತೆಂಟು ಡಿಗ್ರಿಯ ಹತ್ತಿರ ಒಂದು ಕೆಂಪು ದ್ವೀಪ,
ಎಷ್ಟು ಚೆಂದವೆಂದರೆ ಹಂಸ ಫೋಟೋ ತೆಗೆದ.
ಅಲ್ಲೇ ಹೋಗಿ ಇಳಿದೆವು, ಹನ್ನೊಂದು ನಿಮಿಷ ಕಾದೆವು.
ಒಂದೇ ಗುಡ್ಡ. ಈಗ ನೆತ್ತಿಯೂ ಒಂದೇ.
ಇನ್ನೊಮ್ಮೆ.
ಒಂದೇ.

ಕಾಗದ ಕೇಳಲು ಬಂದ ಬೊಳ್ಳಕ್ಕ
ತಟ್ಟೆಯ ಪುಟ್ಟ ಸೀಸೆಗಳಿಗೆ ಬಗ್ಗಿದಳು.
"ಇಷ್ಟು ತೆಳ್ಳಗೆ?"
ನೀರು ಬೆರೆಸಿದ್ದೇವೆ.
"ಯಾವಾಗ?"
ಮೊನ್ನೆ.
ಹಳಸಿದ ಅನ್ನ ಬಡಿಸಿದವರನ್ನು ನೋಡುವ ಹಾಗೆ ನೋಡಿದಳು.
"ಒದ್ದೆ ಸೌಟು ಸಹ ಹಾಕಲು ಬಿಡುವುದಿಲ್ಲ ನಾವು.
ನೀರು ಬಿದ್ದು ಒಂದು ರಾತ್ರಿ ಕಳೆದರೆ ಅದು ಬೇರೆ ಪುಳಿ.
ನಾಲಿಗೆಗೆ ಗೊತ್ತಾಗುವುದಿಲ್ವ?"

ನಾವು ನಾಲಿಗೆಗೆ ಹಾಕುವುದಿಲ್ಲ. ನಿಯಮ.

ನಾಲ್ಕೂ ಓಟಗಳನ್ನು ಒಂದರ ಕೆಳಗೊಂದು ತೆರೆದೆ.
ಮೂರರಲ್ಲಿ ದೊಡ್ಡದು ಲ್ಯಾಕ್ಟೋನ್, ಚಿಕ್ಕದು ಆಮ್ಲ.
ಕರೆಂಟಿಲ್ಲದ ಆ ರಾತ್ರಿ, ಸೀಸೆಯೊಳಗೆ, ಯಾರೂ ನೋಡದೆ
ಹಾವು ಬಾಲ ಬಿಟ್ಟಿತ್ತು. ಚಿಕ್ಕದು ದೊಡ್ಡದಾಗಿತ್ತು.
ಕಂಪ್ಯೂಟರಿಗೆ ಮುಖ ಗೊತ್ತಿಲ್ಲ, ಗಾತ್ರ ಗೊತ್ತು.
ದೊಡ್ಡದನ್ನು ಹಳೆಯ ಹೆಸರಿನಿಂದಲೇ ಕೂಗಿತು,
ಆ ಒಂದು ತಪ್ಪು ಹೆಸರಿನ ಮೇಲೆ
ಸಾವಿರ ಓಟವನ್ನೂ ತಪ್ಪಿಲ್ಲದೆ ಓಡಿತು.

ಹೊಸ ಸೀಸೆ, ಆಗಷ್ಟೇ ಬೆರೆಸಿದ್ದು. ನಾಲ್ಕನೆಯದು ಮತ್ತೆ.
ದ್ವೀಪ ಮೂಲೆಗೆ ಸರಿಯಿತು, ಇಪ್ಪತ್ತಾರು ಡಿಗ್ರಿ,
ಬಡಕಲು, ಫೋಟೋಗೆ ಲಾಯಕ್ಕಿಲ್ಲ.
ಅಲ್ಲಿ ಇಳಿದೆವು.
ಏಳನೇ ನಿಮಿಷಕ್ಕೊಂದು, ಒಂಬತ್ತಕ್ಕೊಂದು,
ನಡುವೆ ನೆಲ.
ವಿನೆಗರ್ ಬರಬೇಕಾದ ಜಾಗದಲ್ಲಿ ಏನೂ ಇಲ್ಲ.

ಬೊಳ್ಳಕ್ಕ ಕನ್ನಡಕ ಹಾಕಿಕೊಂಡಳು.
"ಇದರಲ್ಲಿ ನನ್ನ ಪುಳಿ ಯಾವುದು?"
ಎರಡೂ.
"ಮತ್ತೆ ಯಾಕೆ ಬೇರೆ ಮಾಡಿದಿರಿ?"
ಎನ್ನುತ್ತಾ ಉಳಿದರ್ಧ ಎಣಿಸತೊಡಗಿದಳು,
ಐವತ್ತರ ನೋಟುಗಳು, ಹೊಗೆಯ ವಾಸನೆ.
ಹಂಸ ಸೀಸೆಗಳ ಮೇಲೆ
ದಿನದ ಪಕ್ಕದಲ್ಲಿ ಗಂಟೆಯನ್ನೂ ಬರೆಯುತ್ತಿದ್ದ.