ಕಲಾಯಿ

ನ್ಯೂಪೋರ್ಟ್‌ನ ಈ ಶೆಡ್ಡಿನ ತಗಡು ಬಾಗಿಲೆತ್ತಿದರೆ
ಅಸ್ಕ್ ನದಿಯ ಕೆಸರುವಾಸನೆ ಮೊದಲು ಒಳಗೆ ಬರುತ್ತದೆ,
ಆಮೇಲೆ ಗ್ವಿಲಿಮ್, ಆಮೇಲೆ ಅವನ ಚಹಾ.
ಇವತ್ತು ಅವನ ಹಿಂದೆಯೇ, ಮರದ ಹಲಗೆಯ ಮೇಲೆ
ಪ್ಲಾಸ್ಟಿಕ್ ಸುತ್ತಿಕೊಂಡು ನಲವತ್ತು ಲ್ಯಾಪ್‌ಟಾಪು,
ಯಾವುದೋ ವಿಮೆ ಕಂಪನಿ ಆರು ವರ್ಷ ದುಡಿಸಿ ಬಿಟ್ಟವು.

ಗಿರಾಕಿ ಶ್ರೀಮತಿ ಮೆರೆಡಿತ್. ನಾಯಿ ಬೆಕ್ಕುಗಳ ಆಸ್ಪತ್ರೆ, ಆರು ಶಾಖೆ.
ಮೂವತ್ತೆರಡು ಬೇಕಂತೆ. "ಹೊಸವೋ ಹಳೆಯವೋ ನೀವೇ ಹೇಳಿ,
ನಿಮಗೆ ಗೊತ್ತಿರುತ್ತದಲ್ಲ," ಎಂದು ಫೋನಿಟ್ಟಳು.
ಹೀಗೆ ನಂಬಿಬಿಡುವವರದೇ ಕಷ್ಟ.
ಚೌಕಾಸಿಯವರ ಜೊತೆಯಾದರೆ ರಾತ್ರಿ ನಿದ್ದೆಯಾದರೂ ಬರುತ್ತದೆ.

ಹೊಸದು ಒಂದಕ್ಕೆ ಆರುನೂರ ನಲವತ್ತು ಪೌಂಡು,
ನಮಗೆ ಉಳಿಯುವುದು ಇಪ್ಪತ್ತೆಂಟು.
ಹಳೆಯದು ನೂರ ಮೂವತ್ತಕ್ಕೆ ತಂದು, ಒರೆಸಿ, ಬ್ಯಾಟರಿ ಬದಲಿಸಿ
ಇನ್ನೂರ ಅರವತ್ತಕ್ಕೆ ಕೊಟ್ಟರೂ ಈ ತಿಂಗಳ ಬಾಡಿಗೆ ಗೆದ್ದಂತೆ.
ಗ್ವಿಲಿಮ್ ಗಲ್ಲ ಕೆರೆದುಕೊಳ್ಳುತ್ತಾನೆ, ಉಕ್ಕಿನ ಕಾರ್ಖಾನೆಯಲ್ಲಿ
ಇಪ್ಪತ್ತೆರಡು ವರ್ಷ ಕುಲುಮೆ ಕಾದವನು:
"ಹೊಸದು ಕೆಟ್ಟರೆ ಬೈಯಲು ತಯಾರಿಸಿದವನಿದ್ದಾನೆ.
ಹಳೆಯದು ಕೆಟ್ಟರೆ ನೀನು, ನಾನು."

ನನ್ನ ಅಬ್ಬ ರಾಣೆಬೆನ್ನೂರಿನ ಓಣಿಗಳಲ್ಲಿ ತಿದಿ ಹೊತ್ತು
"ಕಲಾಯೀ" ಎಂದು ಕೂಗುತ್ತಿದ್ದ.
ಕಿಲುಬು ಹಿಡಿದ ಹಿತ್ತಾಳೆ ಬೋಗುಣಿ ಕೆಂಡದ ಮೇಲೆ ಕಾಯಿಸಿ
ನವಸಾಗರದ ಪುಡಿ ಉದುರಿಸಿ, ಬಿಳಿ ಹೊಗೆ ಏಳುವಾಗ
ತವರದ ಕಡ್ಡಿ ಒಮ್ಮೆ ಮುಟ್ಟಿಸಿ
ಅರಳೆಯಿಂದ ಒಂದು ಸುತ್ತು. ಒಳಗೆಲ್ಲ ಬೆಳದಿಂಗಳು.
ಸ್ಟೀಲು ಬಂತು, ಬಾಗಿಲುಗಳು ತೆರೆಯುವುದನ್ನು ಬಿಟ್ಟವು.
ಆದರೆ ಕೊನೆಯ ದಿನದವರೆಗೂ, ಕೆಂಡ ಕೆದಕುವ ಮೊದಲು,
ಪಾತ್ರೆಯನ್ನು ಬಿಸಿಲಿಗೆ ಹಿಡಿದು ಬೆರಳಗೆಣ್ಣಿನಿಂದ ತಟ್ಟಿ ಕೇಳುತ್ತಿದ್ದ.
ತೂತಿದ್ದರೆ ವಾಪಸು.
"ತೂತಿಗೆ ಕಲಾಯಿ ಹಚ್ಚಿದರೆ ಸಾರು ಒಲೆಗೆ, ಬೈಗುಳ ನನಗೆ."

ನಾನೂ ಒಂದೊಂದೇ ಮುಚ್ಚಳ ತೆರೆದು ಕಿವಿಗೊಟ್ಟೆ.
ಫ್ಯಾನಿನ ಉಸಿರು, ಕೀಲಿನ ಕಿರುಗುಟ್ಟು,
ಅಂಟುಚೀಟಿ ಕಿತ್ತ ಜಾಗದ ಜಿಗುಟು.
ಒಂದರಲ್ಲಿ ಅಳಿಸುವ ಕೀ ಮಾತ್ರ ಸವೆದು ನುಣುಪಾಗಿತ್ತು:
ಯಾರೋ ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು.
ತಳದಲ್ಲಿ ಹಳದಿ ಚೀಟಿ, "ಮುಟ್ಟಬೇಡಿ, ಬೆವ್‌ದು."
ಬೆವ್, ನಿನ್ನ ಡಿಸ್ಕನ್ನು ಮೂರು ಸಲ ತೊಳೆದಿದ್ದೇನೆ,
ಸರ್ಟಿಫಿಕೇಟೂ ಇದೆ. ಚೀಟಿ ಮಾತ್ರ ಎಸೆಯಲಾಗಲಿಲ್ಲ.

ಇಪ್ಪತ್ತೊಂಬತ್ತು ಗಟ್ಟಿ. ಉಳಿದ ಹನ್ನೊಂದರ ಪ್ರೊಸೆಸರ್
ಒಂದು ತಲೆಮಾರು ಹಿಂದಿನದು, ಬೆವ್‌ದೂ ಸೇರಿ;
ಹೊಸ ವಿಂಡೋಸ್ ಅವನ್ನು ಹೊಸ್ತಿಲಾಚೆಯೇ ನಿಲ್ಲಿಸುತ್ತದೆ.
"ಒಳದಾರಿ ಇದೆ, ಹತ್ತು ನಿಮಿಷದ ಕೆಲಸ," ಎಂದ ಗ್ವಿಲಿಮ್.
"ಮೂರೇ ತಾನೆ ಕಡಿಮೆ? ಬೆಕ್ಕಿಗೇನು ಗೊತ್ತಾಗುತ್ತೆ?"
ನಾನು ಮುಚ್ಚಳವನ್ನು ಬೆರಳಗೆಣ್ಣಿನಿಂದ ತಟ್ಟಿದೆ.
ಅವನಿಗೆ ಅರ್ಥವಾಗಲಿಲ್ಲ. ಹೇಳಲೂ ಇಲ್ಲ.

ಮೂರು ಹೊಸವು ತರಿಸಿದೆವು. ಬಿಲ್ಲಿನಲ್ಲಿ ದಪ್ಪಕ್ಷರದಲ್ಲಿ ಬರೆದೆ:
ಇಪ್ಪತ್ತೊಂಬತ್ತು ಬಳಸಿದ್ದು, ಒಂದು ವರ್ಷ ನಮ್ಮ ಹೊಣೆ;
ಮೂರು ಹೊಸದು, ಮೂರು ವರ್ಷ ಕಂಪನಿಯ ಹೊಣೆ.
ಹೊಸವು ಮುಂದಿನ ಮೇಜುಗಳಿಗೆ, ಬಂದವರ ಕಣ್ಣಿಗೆ ಬೀಳಲೆಂದು.
ಬೆಕ್ಕಿನ ಉಗುರಿಗೆ ಎರಡೂ ಒಂದೇ.

ಮಂಗಳವಾರ ಫೋನು. "ಮೂವತ್ತೆರಡರಲ್ಲಿ ಒಂದು ಉಸಿರೇ ಬಿಡುತ್ತಿಲ್ಲ."
ಗ್ವಿಲಿಮ್ ನನ್ನ ಮುಖ ನೋಡಿದ.
"ನಂಬರ್ ಓದಿ," ಎಂದೆ, ನಾಲಿಗೆ ಒಣಗಿ.
ಓದಿದಳು.
ಹೊಸದು.

ಈಗ ನಲವತ್ತು ನಿಮಿಷದಿಂದ ಗ್ವಿಲಿಮ್‌ನ ಕಿವಿಯಲ್ಲಿ
ತಯಾರಿಸಿದವನ ಪಿಯಾನೋ. ನಿಮ್ಮ ಕರೆ ನಮಗೆ ಅಮೂಲ್ಯ.
ನಿಮ್ಮ ಮುಂದೆ ಹತ್ತೊಂಬತ್ತು ಮಂದಿ.
ಬೈಯಲಿಕ್ಕೂ ಸರದಿ.
ಅಷ್ಟರಲ್ಲಿ ನಾನು ದೂರು ಬರೆಯಲು ಕೂತೆ, ಬೆವ್‌ದರ ಮೇಲೆಯೇ,
ಒಂದು ಸಾಲು ಖಾರವಾಗಿ, ಅದಕ್ಕಿಂತ ಇನ್ನೊಂದು.
ಆ ಸವೆದ ಕೀ
ತಾನಾಗಿಯೇ ಬೆರಳ ಕೆಳಗೆ ಬರುತ್ತದೆ.