ಐಬು

ಜುಬೈಲಿನ ರಿಫೈನರಿ, ರಾತ್ರಿ ಪಾಳಿ.
ಎಕ್ಸ್‌ರೇ ಫಿಲ್ಮನ್ನು ದೀಪದ ಪೆಟ್ಟಿಗೆಗೆ ಹಿಡಿದೆ:
ಬೆಸುಗೆಯ ಬೂದು ಪಟ್ಟಿಯೊಳಗೆ
ಸಾಸಿವೆಯಷ್ಟು ಕಪ್ಪು, ಒಂದು ಗಾಳಿಗುಳ್ಳೆ.
ದುಖೈಲ್ ಗಾವಾ ಬಟ್ಟಲು ಕೆಳಗಿಟ್ಟು
"ಐಬ್" ಅಂದ.

ತಿರುಗಿ ನೋಡಿದೆ. ಅದು ನನ್ನಪ್ಪನ ಮಾತು.
ತಾಳಿಕೋಟಿಯ ದನದ ಸಂತೆಯಲ್ಲಿ
ಟವೆಲ್ಲಿನಡಿ ಬೆರಳು ಹಿಡಿಯುವ ಮುಂಚೆ
ಹೋರಿಯ ಹಲ್ಲು, ಗೊರಸು, ಸುಳಿ ನೋಡಿ
"ಐಬ ಐತಿ, ಇಳಸು" ಅನ್ನುತ್ತಿದ್ದ.
ಅವನ ಎಡಗಣ್ಣಲ್ಲೇ ಹೂವಿತ್ತು.

ಯಾವ ದಾರಿ ಹಿಡಿದು ಹೋಗಿತ್ತೋ ಇಲ್ಲಿಂದ ಅಲ್ಲಿಗೆ.
ಕುದುರೆ ತುಂಬಿದ ಹಡಗಿರಬಹುದು;
ಭಟ್ಕಳದ ದಂಡೆಯಲ್ಲಿ ಯಾರೋ ಸರದಾರ
ಕುಂಟುಗಾಲಿನತ್ತ ಬೆರಳು ಮಾಡಿದಾಗ
ಕುದುರೆಗಿಂತ ಮೊದಲು ಇದೇ ಇಳಿದಿರಬಹುದು.
ಇಲ್ಲವೇ ಬಿಜಾಪುರದ ದಫ್ತರದಲ್ಲಿ
ಪಾರ್ಸಿ ಶಾಯಿ ಕುಡಿದು ಬಂದಿತೋ.

"ಹಾಗಲ್ಲ," ದುಖೈಲ್ ಗಂಟಲು ಮುಟ್ಟಿ ತೋರಿಸಿದ, "ಇಲ್ಲಿಂದ."
ಬಾವಿಯ ತಳದಿಂದ ಕೊಡ ಎಳೆದ ಹಾಗೆ ಒಂದು ಅಕ್ಷರ.
ನನಗೆ ಬರಲಿಲ್ಲ. ನಮ್ಮಲ್ಲಿಗೆ ಬರುವಾಗಲೇ ಅದು
ಗಂಟಲು ಕಳಕೊಂಡು
ಬಾಲಕ್ಕೊಂದು ಉಕಾರ ಕಟ್ಟಿಸಿಕೊಂಡಿತ್ತು.
ಐಬಿಗೇ ಐಬು.
"ನಿನ್ನ ಊರು ಹೇಳು." ಹೇಳಿದೆ.
"ತಾಲಿಕೋಟಿ."
"ಳ."
"ಲ."
ನಾಲಿಗೆ ಮಡಚಿ, ಸೋತು, ನಕ್ಕ.

ಮಕ್ಕಳನ್ನು ಗದರಿಸುವುದೂ ಇದೇ ಮಾತಿನಿಂದಂತೆ;
ಅವರ ಮನೆಯೊಳಗೆ ಇದರರ್ಥ ನಾಚಿಕೆ.

ಹಳದಿ ಸೀಮೆಸುಣ್ಣದಲ್ಲಿ ಪೈಪಿಗೆ ಸುತ್ತು ಹಾಕಿದೆ:
ಕೊರೆದು ಮತ್ತೆ ಬೆಸೆಯಬೇಕು.
ಅಪ್ಪ ಐಬಿಗೆ ನಾಚಿದ್ದನ್ನು ನಾನು ಕಂಡಿಲ್ಲ.
ದರ ಇಳಿಸುತ್ತಿದ್ದ,
ಹೋರಿ ಹೊಡಕೊಂಡು ಮನೆಗೆ ಬರುತ್ತಿದ್ದ.